ಶೈಲಾಳ ಬಲಗೈ

ಶೈಲಾ, ಪಂಜರದ ಹೊರಗೆ ನೀನಾಗಿ ಕೈ ಹಾಕಲಿಲ್ಲ. ನಾನು ನಿನ್ನನ್ನು ತಳ್ಳಿದೆ. ಇಷ್ಟು ವರ್ಷ ನಿನ್ನದೆಂದು ನೀನು ಹೊತ್ತುಕೊಂಡಿರುವ ತಪ್ಪು ನನ್ನದು — ನನ್ನೊಬ್ಬಳದೇ.

ಆ ಅರ್ಧ ಗಂಟೆ ನಿನಗೆ ನೆನಪಿಲ್ಲ. ನನಗೆ ಅದರಿಂದ ಬಿಡುಗಡೆಯಿಲ್ಲ.

೨೦೨೧ರ ಅಕ್ಟೋಬರ್. ಲಾಸ್ ಏಂಜಲೀಸ್‌ನಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನಗೆ ಬರ್ಬ್ಯಾಂಕ್‌ನಲ್ಲಿ ಎಡಿಟಿಂಗ್ ಕೆಲಸ. ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ನೀನು ಇಲ್ಲಿನ ಲೈಸೆನ್ಸಿಗಾಗಿ ಮತ್ತೆ ಓದುತ್ತಿದ್ದೆ. ಅದು ಕೊನೆಯ ವರ್ಷ. ಸ್ಯಾನ್ ಡಿಯಾಗೋದಿಂದ ಹಡಗು ಹತ್ತಿ, ಮೆಕ್ಸಿಕೋದ ಒಂದು ದ್ವೀಪಕ್ಕೆ ಹೋಗಿ, ಪಂಜರದೊಳಗೆ ನೀರಿಗಿಳಿದು ಬಿಳಿ ಶಾರ್ಕ್ ನೋಡಬೇಕೆಂಬ ಹುಚ್ಚು ನನ್ನದು. "ದಿನಾ ಮನುಷ್ಯರ ಬಾಯಿ ನೋಡೋದೇ ಸಾಕಾಗಿದೆ ಕಣೇ, ಇನ್ನು ಮೀನಿನ ಬಾಯಿ ಬೇರೆ ನೋಡ್ಬೇಕಾ?" ಎಂದು ನೀನು ನಕ್ಕೆ. ಆದರೂ ಬಂದೆ — ನಾನೊಬ್ಬಳೇ ಹೋಗಬಾರದೆಂದು.

ಎರಡನೆಯ ದಿನ ಬೆಳಿಗ್ಗೆ ನಾವಿಬ್ಬರೇ ಪಂಜರದಲ್ಲಿದ್ದೆವು. ಬಾಯಲ್ಲಿ ಗಾಳಿಯ ಕೊಳವೆ, ಮೈ ಕೊರೆಯುವ ತಣ್ಣನೆ ನೀರು. ಶಾರ್ಕ್ ಬಂತು — ನಾನು ಕಾಯುತ್ತಿದ್ದ ಕಡೆಯಿಂದಲ್ಲ, ಕೆಳಗಿನಿಂದ. ಅದರ ಬೆನ್ನು ತಗುಲಿ ಪಂಜರ ಅದುರಿತು, ಅಷ್ಟೇ. ಅದು ನಮ್ಮನ್ನು ನೋಡಿತೋ ಇಲ್ಲವೋ. ಆದರೆ ನನ್ನೊಳಗೆ ಏನೋ ಕಿತ್ತುಹೋಯಿತು. ಮೇಲಿನ ಬಾಗಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಏಣಿಯ ಹತ್ತಿರ ನೀನಿದ್ದೆ. ನಿನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದೆ, ನಿನ್ನ ಹೆಗಲ ಮೇಲೆ ಕಾಲಿಟ್ಟು, ಒದ್ದು, ಮೇಲೆ ಹತ್ತಿದೆ. ಒಮ್ಮೆ ತಿರುಗಿ ನೋಡಿದೆ — ನಿನ್ನ ತಲೆ ಕಂಬಿಗೆ ಬಡಿದಿತ್ತು, ಬೀಳದಿರಲೆಂದು ನೀನು ಕಂಬಿಯನ್ನು ಹೊರಗಿನಿಂದ ಕೈ ಬಳಸಿ ತಬ್ಬಿ ಹಿಡಿದಿದ್ದೆ. ಅಷ್ಟರಲ್ಲಿ ಅಲೆಯೊಂದು ಪಂಜರವನ್ನೆತ್ತಿ ಹಡಗಿಗೆ ಅಪ್ಪಳಿಸಿತು. ನಿನ್ನ ಬಲಗೈ ನಡುವೆ ಸಿಕ್ಕಿಕೊಂಡಿತು.

ನಿನ್ನನ್ನು ಮೇಲೆತ್ತಿದ ಮೇಲೆ ಹಡಗಿನ ಮುಖ್ಯಸ್ಥ ಕೇಳಿದ: ಅವಳ ಕೈ ಹೊರಗೇಕಿತ್ತು? ನಾನು ಹೇಳಿದೆ — ಶಾರ್ಕ್ ಮುಟ್ಟಲು ಹೋದಳು. ಅವನು ಬರೆದುಕೊಂಡ. ನಿಯಮ ಮೀರಿದವಳೆಂದು.

ಆಗಲಾದರೂ... ವಾಪಸು ಬರುವಾಗ ಹಡಗಿನ ಹಾಸಿಗೆಯಲ್ಲಿ ನೀನು ಕಣ್ಣು ತೆರೆದು ಕೇಳಿದೆ: "ಏನಾಯ್ತೇ? ನಾನೇನಾದ್ರೂ ಮಾಡಿದ್ನಾ?"

"ನೀನೇ ಕೈ ಹೊರಗೆ ಹಾಕ್ದೆ ಕಣೇ."

"ಅಯ್ಯೋ... ಸಾರಿ ಕಣೇ. ನಿನ್ನ ಟ್ರಿಪ್ ಹಾಳು ಮಾಡ್ಬಿಟ್ಟೆ."

ನೀನು ನನ್ನ ಕ್ಷಮೆ ಕೇಳಿದೆ. ನಾನು "ಪರವಾಗಿಲ್ಲ ಬಿಡು" ಎಂದೆ. ಆ ಮಾತನ್ನು ಹೇಳಿದ ಬಾಯಿಯಿಂದಲೇ ಇಂದಿಗೂ ಊಟ ಮಾಡುತ್ತಿದ್ದೇನೆ.

ಎರಡು ಆಪರೇಷನ್ ಆದರೂ ಹೆಬ್ಬೆರಳು, ತೋರುಬೆರಳು ಮಡಚಲಿಲ್ಲ. ಓದು ನಿಂತಿತು. ಈಗ ಸೆರಿಟೋಸ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂತು, ಬೇರೆ ಡಾಕ್ಟರುಗಳಿಗೆ ಪೇಷೆಂಟುಗಳ ಅಪಾಯಿಂಟ್‌ಮೆಂಟ್ ಬರೆಯುತ್ತೀಯೆ — ಎಡಗೈಯಲ್ಲಿ. ಮದುವೆಯಾಯಿತು, ಮಗಳು ಹುಟ್ಟಿದಳು. ನಾನು ತೊಟ್ಟಿಲು ತಂದುಕೊಟ್ಟೆ. ಇಷ್ಟನ್ನು ಮಾಡಬಲ್ಲವಳು ಒಂದು ವಾಕ್ಯ ಹೇಳಲಾರದೆ ಹೋದೆ.

ಕಳೆದ ವಾರ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಮಗಳನ್ನು ಈಜು ಕಲಿಯಲು ಕರೆದುಕೊಂಡು ಹೋಗುತ್ತೇನೆಂದು ನೀನು ಹೇಳಿದೆ. ನಿನ್ನ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. "ನೀನು ಬೇಡ, ನಾನೇ ಕರ್ಕೊಂಡು ಹೋಗ್ತೀನಿ. ನೀರಿನ ಹತ್ರ ನಿನ್ನ ನಂಬೋಕಾಗಲ್ಲ."

ಜಗಳವಾಡುತ್ತೀಯೆಂದು ಕಾದೆ. ನೀನು ನನ್ನತ್ತ ತಿರುಗಿ ಮೆಲ್ಲನೆ ಹೇಳಿದೆ: "ಅವ್ರು ಹೇಳೋದೂ ನಿಜಾನೇ ಅಲ್ವಾ. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ."

ನಾನು ಎದ್ದು ಹೋಗಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ನಿಂತೆ. ಬೆರಳು ಮಾತ್ರ ಹೋಯಿತು ಅಂದುಕೊಂಡಿದ್ದೆ, ಶೈಲಾ. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೂ ನಾನೇ — ಅದನ್ನು ಯಾವ ಆಪರೇಷನ್...

ಹೆದರಿದ್ದೆ, ನಿಜ. ತಳ್ಳಿದ್ದು ಹೆದರಿಕೆಯಿಂದ. ಆದರೆ ಸುಳ್ಳು ಹೇಳುವಾಗ ನಾನು ಒಣ ಟವೆಲ್ ಸುತ್ತಿಕೊಂಡು ಹಡಗಿನ ಮೇಲೆ ಕೂತಿದ್ದೆ. ಆಮೇಲಿನ ಎಲ್ಲ ವರ್ಷಗಳಲ್ಲಿ ಯಾವ ಶಾರ್ಕೂ ನನ್ನ ಹತ್ತಿರವಿರಲಿಲ್ಲ.

ಇದನ್ನು ನಿನ್ನ ಗಂಡನಿಗೂ ಓದಿಸು. ಭಾನುವಾರ ಬೆಳಿಗ್ಗೆ ಬರುತ್ತೇನೆ, ಅವರೆದುರೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೆ.