ಹೂಂ ಎಂದರೆ ಹೌದಲ್ಲ

ನನಗೆ ಸಂಬಳ ಬರುವುದು ಪ್ರಶ್ನೆ ಕೇಳುವುದಕ್ಕೆ. ಯಾರಾದರೂ ಹೊಸ ಸಾಫ್ಟ್‌ವೇರು ಮಾಡಿಸಲು ಹೊರಟರೆ, ಅದನ್ನು ಬಳಸುವವರ ಬಳಿ ಹೋಗಿ ‘ನಿಮಗೇನು ಬೇಕು’ ಎಂದು ಕೇಳಿ ಬರೆದುಕೊಂಡು ಬರಬೇಕು. ಅವರು ಏನೇ ಹೇಳಲಿ, ಕೊನೆಗೆ ಆಗುವುದು ನಮ್ಮ ಮ್ಯಾನೇಜರಿಗೆ ಬೇಕಾದದ್ದೇ. ಆದರೂ ಕೇಳಿದ ಪುಣ್ಯ ಎಲ್ಲಾದರೂ ದಾಖಲಾಗಬೇಕಲ್ಲ.

ಅಮೆರಿಕದ ಸ್ಯಾನ್ ರಮೋನ್‌ನಲ್ಲಿ ಹಿರಿಯರಿಗಾಗಿ ಒಂದು ಕೇಂದ್ರವಿದೆ. ಡಾಕ್ಟರ ಬಳಿ ಹೋಗಬೇಕಾದವರು ಅಲ್ಲಿಗೆ ಫೋನು ಮಾಡಿದರೆ ಸ್ವಯಂಸೇವಕರು ಕಾರು ತಂದು ಕರೆದೊಯ್ಯುತ್ತಾರೆ. ಫೋನೆತ್ತುವ ಹೆಂಗಸು ಹೋದ ಸಲದ ಮಂಡಿನೋವನ್ನೂ ನೆನಪಿಟ್ಟುಕೊಂಡು ವಿಚಾರಿಸುತ್ತಾಳೆ. ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಹಾಗೇ ಬಿಡಲಾದೀತೇ? ಫೋನು ನಿಲ್ಲಿಸಿ ಆ್ಯಪ್ ತರುವುದೆಂದು ತೀರ್ಮಾನವಾಯಿತು. ತೀರ್ಮಾನವಾದ ಮೇಲೆ, ಜನರ ಅಭಿಪ್ರಾಯ ಕೇಳಿ ಬನ್ನಿ ಎಂದು ನಮ್ಮನ್ನು ಕಳಿಸಿದರು.

ಹೀಗೆ ನಾವು ಹೋದದ್ದು, ಮಗಳ ಮನೆಯಲ್ಲಿದ್ದು ಈ ಕಾರಿನಲ್ಲೇ ಡಾಕ್ಟರ ಬಳಿ ಹೋಗಿಬರುತ್ತಿದ್ದ ಹುಬ್ಬಳ್ಳಿಯ ಅಜ್ಜಿಯೊಬ್ಬರ ಬಳಿಗೆ. ಕನ್ನಡ ಬಲ್ಲವನು ನಾನು. ಏನೂ ಬಾರದವನು ಮ್ಯಾನೇಜರು, ಆದ್ದರಿಂದ ಯಜಮಾನಿಕೆ ಅವನದು. ಯಾವ ಭಾಷೆಯ ಮಾತನ್ನಾದರೂ ಕೇಳಿ ಇಂಗ್ಲಿಷಿನಲ್ಲಿ ಸಾರಾಂಶ ಬರೆಯುತ್ತದೆಂಬ ಯಂತ್ರವೊಂದನ್ನು ಅವನು ಅಜ್ಜಿ ತಿನ್ನಲು ಕೊಟ್ಟ ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆಯ ಪಕ್ಕ ಇಟ್ಟ.

“ಇನ್ಮೇಲೆ ಆ್ಯಪಲ್ಲೇ ಬುಕ್ ಮಾಡ್ಬೇಕಂತೆ ಅಜ್ಜಿ,” ಎಂದೆ.

“ಹೂಂ.”

“ಫೋನ್ ಇರಲ್ವಂತೆ.”

“ಹೂಂ…”

“ನಿಮಗದು ಆಗುತ್ತಾ?”

“ಊಹೂಂ. ಆ ಸಣ್ಣ ಅಕ್ಷರ ನನಗೆಲ್ಲಿ ಕಾಣಬೇಕೋ ತಮ್ಮಾ? ಮತ್ತ ಅಳಿಯಗ ಹೇಳಬೇಕಾಗ್ತೈತಿ. ಹೇಳಿ ಕೇಳಿ ಮಗಳ ಮನ್ಯಾಗ ಅದೀನಿ. ಮೊಣಕಾಲು ಬ್ಯಾನಿ ಆಗೇತಿ, ಆಫೀಸ್ ಬಿಟ್ಟು ಕರಕೊಂಡು ಹೋಗಪಾ ಅಂತ ಅಳಿಯನ ಮುಂದ ನಿಂದ್ರೂದಕ್ಕಿಂತ ಕುಂಟೂದ ಚಲೋ.”

ನನ್ನ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಲಗಿಬಿಡುತ್ತಿದ್ದಳು. ಹೂಂ ಎಂದರೆ ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂದಷ್ಟೇ. ರಾಕ್ಷಸ ಹುಡುಗಿಯನ್ನು ಹೊತ್ತೊಯ್ದ ಎಂದಾಗಲೂ ನಾವು ಹೂಂ ಅಂದಿದ್ದೆವು. ರಾಕ್ಷಸನಿಗೆ ಒಪ್ಪಿಗೆ ಕೊಟ್ಟಿರಲಿಲ್ಲ.

ಯಂತ್ರಕ್ಕೆ ಅಂಥ ಅಜ್ಜಿ ಇರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಅದರ ಸಾರಾಂಶ ಗೋಡೆಯ ಮೇಲೆ ಬೆಳಗಿತು: ಬಳಕೆದಾರರು ಎಲ್ಲದಕ್ಕೂ ಹೌದೆಂದಿದ್ದಾರೆ. ಅಳಿಯ ನೆರವಿಗೆ ಸದಾ ಸಿದ್ಧ.

ಹೂಂ, ಊಹೂಂ ಎರಡನ್ನೂ ಅದು ಒಂದೇ ಬುಟ್ಟಿಗೆ ಹಾಕಿತ್ತು. “ಇದು ಒಪ್ಪಿಗೆಯಲ್ಲ,” ಎಂದೆ.

“ನಾನೇ ಅಲ್ಲಿದ್ದೆನಲ್ಲ! ಪ್ರತಿ ಮಾತಿಗೂ ತಲೆಯಾಡಿಸಿದರು,” ಎಂದ ಮ್ಯಾನೇಜರು. ಆಮೇಲೆ ಉದಾರವಾಗಿ, ಆ ಮೂಗಿನ ಸದ್ದಿನಲ್ಲಿ ಎಷ್ಟು ಬಗೆಗಳಿವೆಯೆಂದು ಒಂದು ಚಾರ್ಟು ಮಾಡಿಕೊಡು ಎಂದ.

ಕೇಂದ್ರದ ಮುಖ್ಯಸ್ಥೆ ಎದುರಿಗೇ ಕೂತಿದ್ದರು. ಚಾರ್ಟೇಕೆ, ಅಜ್ಜಿಯನ್ನೇ ಕೇಳೋಣ ಎಂದೆ. ಸ್ಪೀಕರಿನಲ್ಲಿ ಫೋನು ಹಚ್ಚಿದೆವು. ಮ್ಯಾನೇಜರು ಆ್ಯಪಿನ ಮಹಿಮೆಯನ್ನು ಬಣ್ಣಿಸಿದ, ನಾನು ಕನ್ನಡ ಮಾಡಿದೆ. ಆ ಕಡೆಯಿಂದ ಒಂದೊಂದಕ್ಕೂ “ಹೂಂ… ಹೂಂ…” ಬರುತ್ತಿತ್ತು, ಅವನು ಪ್ರತಿ ಸಲವೂ ನನ್ನತ್ತ ಹುಬ್ಬು ಹಾರಿಸುತ್ತಿದ್ದ. ಕೊನೆಗೆ ನಾನು ಕೇಳಿದೆ: “ಹಾಗಾದ್ರೆ ಫೋನ್ ನಿಲ್ಲಿಸ್ಬಹುದಾ ಅಜ್ಜಿ?”

“ಊಹೂಂ! ಫೋನ್ ಬಂದ್ ಮಾಡ್ತೀವಿ ಅಂತ ಕೇಳಾಕ ಫೋನ್ ಮಾಡೀರೇನು? ಆ್ಯಪ್‌ನಾಗ ಕೇಳಬೇಕಿತ್ತಿಲ್ಲೋ!”

ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ; ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಮುಖ್ಯಸ್ಥೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ್ಯಪ್ ಬೇಕಾದವರಿಗೆ ಆ್ಯಪ್, ಫೋನು ಮಾತ್ರ ಇದ್ದಲ್ಲೇ ಇರಲಿ ಎಂದು ಹೇಳಿ ಎದ್ದರು. ನಮ್ಮ ವರದಿಯಲ್ಲಿ ಅದೇ ಹಳೆಯ ಫೋನು ‘ಧ್ವನಿ ಆಧಾರಿತ ವಿನೂತನ ಸೌಲಭ್ಯ’ವಾಗಿ ಅವತರಿಸಿತು, ಮ್ಯಾನೇಜರಿಗೆ ಚಪ್ಪಾಳೆಯೂ ಬಿತ್ತು.

ಸಂಜೆ ಅಜ್ಜಿಗೆ ಸುದ್ದಿ ಮುಟ್ಟಿಸಿದೆ. “ಫೋನ್ ಇರುತ್ತೆ ಅಜ್ಜಿ. ಮೊದಲಿನ ಥರಾನೇ ಕಾರು ಬರುತ್ತೆ.”

“ಹೂಂ,” ಎಂದರು. ಹೌದೋ, ಮುಂದೆ ಹೇಳೆಂದೋ ತಿಳಿಯದೆ ಕಾದೆ.

“ಅಳಿಯಗೇನೂ ಹೇಳಿಲ್ಲ ಹೌದಿಲ್ಲೋ ತಮ್ಮಾ?”

“ಊಹೂಂ,” ಎಂದೆ.