ಅಪ್ಪನಿಗೆಂದು ಮಾಡಿದ ಬಾಂಬೆ ಟೋಸ್ಟ್

ಈಗ ಮೊಬೈಲಿನಲ್ಲಿ ಫ್ರೆಂಚ್ ಟೋಸ್ಟ್ ಅಂತ ಮಾಡಿ ತೋರಿಸುತ್ತಾರಲ್ಲ, ಅದನ್ನು ನಾನು ಮೊದಲು ತಿಂದದ್ದು ಮೈಸೂರಿನ ಹಾಸ್ಟೆಲಿನಲ್ಲಿ, ಬಾಂಬೆ ಟೋಸ್ಟ್ ಅನ್ನುವ ಹೆಸರಿನಲ್ಲಿ. ನಮ್ಮೂರು ತಿ. ನರಸೀಪುರ ತಾಲ್ಲೂಕು, ಬನ್ನೂರಿಗೆ ಹತ್ತಿರದ ಹಳ್ಳಿ. ಅಲ್ಲಿ ಬ್ರೆಡ್ಡು ಮನೆಗೆ ಬರುತ್ತಿದ್ದದ್ದು ಯಾರಾದರೂ ಜ್ವರದಲ್ಲಿ ಮಲಗಿದರೆ ಮಾತ್ರ. ರಜೆಗೆ ಹೋದಾಗ ಹೆಮ್ಮೆಯಿಂದ ಮಾಡಿ ತಟ್ಟೆಗೆ ಹಾಕಿದರೆ ಅಪ್ಪ ಕೇಳಿದ: "ಯಾರಿಗವ್ವ ಉಸಾರಿಲ್ಲ?"

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಬಸ್ಸಿನ ಕಂಬಿ ಹಿಡಿದು ನಿಂತು ಓದಿದ್ದೇನೆ, ಕೆಮಿಸ್ಟ್ರಿಯಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸು ಮಾಡಿದ್ದೇನೆ. ಅದರಿಂದಲೇ ನಂಜನಗೂಡಿನ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಊರೊಳಗೆ ಒಂದು ಬಾಡಿಗೆ ಮನೆಯೂ ಆಯಿತು.

ಹೋದ ವರ್ಷ ಭತ್ತದ ಕುಯ್ಲಿನ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಇವೆಲ್ಲ ಕಣ್ಣಿಗೆ ಕಾಣುತ್ತಿದ್ದವು. ಕಾಣದೆ ಇದ್ದದ್ದು ಗಂಟಲು. ನೀರು ಕುಡಿಸಿದರೆ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡುತ್ತಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಪೈಪು ಹಾಕಿದರು. ಆಮೇಲೆ ಅಪ್ಪ ಅವ್ವ ಇಬ್ಬರನ್ನೂ ನಾನು ನಂಜನಗೂಡಿಗೇ ಕರೆದುಕೊಂಡು ಬಂದೆ.

ನುಂಗುವುದನ್ನು ಹೇಳಿಕೊಡಲಿಕ್ಕೆ ಅಂತಲೇ ಓದಿದವರು ಇರುತ್ತಾರೆಂದು ನನಗೆ ಆಗ ತಿಳಿಯಿತು. ಆಸ್ಪತ್ರೆಯಲ್ಲಿ ಅಂಥ ಒಬ್ಬಳು ಹುಡುಗಿ, ನನಗಿಂತ ಚಿಕ್ಕವಳು, ಕೆಲವು ತಿಂಗಳು ಅಪ್ಪನ ಗಂಟಲನ್ನು ಪಳಗಿಸಿದಳು. ಕೊನೆಗೆ ಮೂಗಿನ ಪೈಪು ತೆಗೆಸಿ ಹೇಳಿದಳು: "ನೀರಿನಂಥದ್ದು ಬೇಡ, ಅಂಟೋದು ಬೇಡ. ಮೆತ್ತಗಿರಬೇಕು, ಒದ್ದೆ ಇರಬೇಕು. ಕಡಲೆಬೀಜದಷ್ಟು ತುಂಡು. ಚೆನ್ನಾಗಿ ಅಗಿದು, ಗದ್ದ ತಗ್ಗಿಸಿ ನುಂಗಬೇಕು. ಮೊಟ್ಟೆ ಹಾಲಲ್ಲಿ ನೆನೆಸಿದ ಬ್ರೆಡ್ಡು ಕೊಟ್ಟು ನೋಡಿ."

"ಇಟ್ಟು?" ಅಂತ ಅವ್ವ ಕೇಳಿದಳು. ನಮ್ಮ ಕಡೆ ರಾಗಿಮುದ್ದೆಗೆ ಹಾಗೇ ಅನ್ನುವುದು.

"ಮುದ್ದೆ ಮಾತ್ರ ಬೇಡಮ್ಮ. ಅದನ್ನ ಯಾರೂ ಅಗಿಯಲ್ಲ, ಹಾಗೇ ನುಂಗ್ತಾರೆ. ಗಂಟಲಲ್ಲಿ ಕೂತುಬಿಡುತ್ತೆ."

ಬಾಯಲ್ಲೇ ಊಟ ಮಾಡಲಿಕ್ಕೆ ಆದರೆ ಸರಿ. ಆಗದಿದ್ದರೆ ಹೊಟ್ಟೆಗೆ ತೂತು ಮಾಡಿ ಪೈಪು ಕೂರಿಸಬೇಕು, ಆಮೇಲೆ ಅದೇ ಗತಿ. ಇಷ್ಟನ್ನೂ ಅವಳು ಅಪ್ಪನ ಎದುರಿಗೇ ಹೇಳಿದಳು. ಅಪ್ಪ ಗೋಡೆ ನೋಡುತ್ತಾ ಗೊಣಗಿದ: "ಇಟ್ಟಿಲ್ದೆ ಬದುಕಿ ಏನ್ ಮಾಡ್ಲಿ?"

ಹೀಗೆ ನನ್ನ ಬಾಂಬೆ ಟೋಸ್ಟಿಗೆ ಕಾಲ ಬಂತು. ಆದರೆ ಮನೆ ಓನರು ಲಿಂಗ ಕಟ್ಟಿದ ಜನ, ಮೊಟ್ಟೆ ಮಾಂಸ ಬೇಯಿಸಬಾರದು ಅಂತ ಹೇಳಿಯೇ ಮನೆ ಕೊಟ್ಟಿದ್ದರು. ಓನರಮ್ಮನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಂದರು: "ಔಷಧಿ ಅಂದ್ಕೋತೀನಿ ಬಿಡಮ್ಮ. ಕಿಟಕಿ ಹಾಕ್ಕೊಂಡು ಮಾಡು. ಸಿಪ್ಪೆ ಮಾತ್ರ ನಮ್ಮ ಬಕೆಟ್ಟಿಗೆ ಬೇಡ." ದಿನಾ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಫ್ಯಾಕ್ಟರಿ ಹತ್ತಿರ ಎಸೆಯುತ್ತಿದ್ದೆ.

ಹಾಸ್ಟೆಲಿನ ಹಾಗೆ ಗರಿಗರಿ ಮಾಡುವಂತಿರಲಿಲ್ಲ. ಬ್ರೆಡ್ಡಿನ ಕಂದು ಅಂಚನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದೆ. ಮೊಟ್ಟೆ, ಹಾಲು, ಚಿಟಿಕೆ ಉಪ್ಪು, ಮೆಣಸಿನಪುಡಿಯನ್ನು ನುಣ್ಣಗೆ ಕಲಕಿ, ಅದರಲ್ಲಿ ಬ್ರೆಡ್ಡನ್ನು ನಡುವಿನ ತನಕ ನೆನೆಯಲು ಬಿಡುತ್ತಿದ್ದೆ. ಆಮೇಲೆ ಸಣ್ಣ ಉರಿ, ಬೆಣ್ಣೆ, ಮೇಲೊಂದು ಮುಚ್ಚಳ. ಬೆಂದು ಮೊಟ್ಟೆಯ ಹಸಿ ಹೋಗಬೇಕು, ಆದರೆ ಮೇಲೆ ಗಟ್ಟಿ ಪದರ ಕಟ್ಟಬಾರದು.

"ಇದೇನ್ ಮಗ, ಒದ್ದೆ ಗೋಣಿಚೀಲ ಇದ್ದಂಗದೆ," ಅಂದ ಅಪ್ಪ.

"ಡಿಗ್ರಿ ಓದಿ ಮಾಡವ್ಳೆ. ಸುಮ್ಕೆ ತಿನ್ನಿ," ಅಂದಳು ಅವ್ವ.

ಎಡಗೈಯಲ್ಲಿ ತಿನ್ನಲು ಅವನು ಒಪ್ಪಲಿಲ್ಲ. ಎಡಗೈ ಊಟದ ಕೈಯಲ್ಲ. ಹಾಗಾಗಿ ಅವ್ವ ಚಮಚದಲ್ಲಿ ಒಂದೊಂದೇ ತುಂಡು ಇಡುತ್ತಿದ್ದಳು, ನಾನು ಎದುರು ಕೂತು "ಅಗಿಯಪ್ಪ, ಇನ್ನೊಂಚೂರು ಅಗಿ, ಈಗ ಗದ್ದ ತಗ್ಗಿಸು" ಅನ್ನುತ್ತಿದ್ದೆ. "ನನ್ನನ್ನ ಅಂಗನವಾಡಿಗೆ ಸೇರ್ಸವ್ಳೆ ಇವ್ಳು," ಅಂತ ಅಪ್ಪ ಅವ್ವನಿಗೆ ದೂರುತ್ತಿದ್ದ. ಆದರೆ ಅಗಿಯುತ್ತಿದ್ದ. ಕೆಮ್ಮು ಕಡಿಮೆಯಾಯಿತು, ಕೆನ್ನೆಗೆ ಸ್ವಲ್ಪ ಮಾಂಸ ಬಂತು. ಹುಡುಗಿಗೆ ಫೋನು ಮಾಡಿದಾಗ "ಹೀಗೇ ನಡೆದರೆ ಪೈಪಿನ ಮಾತು ಬಿಡೋಣ" ಅಂದಳು. ಅವತ್ತು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ.

ಮುದ್ದೆ ಉಣ್ಣುವುದನ್ನು ನನಗೆ ಕಲಿಸಿದ್ದು ಅಪ್ಪನೇ. ಚಿಕ್ಕವಳಿದ್ದಾಗ ಹಲ್ಲಿಗೆ ಹಾಕಿ ಅಗಿಯಹೋದರೆ ನಗುತ್ತಿದ್ದ: "ಎಮ್ಮೆ ಮೆಲಕಾಕ್ದಂಗೆ ಏನವ್ವ ಅದು? ಮುರಿ, ಉಂಡೆ ಮಾಡು, ಸಾರಲ್ಲಿ ಅದ್ದು, ಗುಳಕ್ಕನೆ ನುಂಗು. ಹಲ್ಲಿಗೆ ತಾಕುಸ್ಬಾರ್ದು." ನಮ್ಮಲ್ಲಿ ಎಲ್ಲರೂ ಹಾಗೇ ಕಲಿತವರು. ಒಂದು ಸಲ ಬಂತೆಂದರೆ ಮತ್ತೆ ಯೋಚನೆ ಮಾಡಿ ನುಂಗುವುದಿಲ್ಲ.

ಒಂದು ಭಾನುವಾರ ಅವ್ವ ನಮ್ಮಿಬ್ಬರಿಗೆ ಸೊಪ್ಪಿನ ಸಾರು ಮಾಡಿದ್ದಳು. ಒಗ್ಗರಣೆ ವಾಸನೆ ಮನೆ ತುಂಬಿತು. ಅಪ್ಪ ಟೋಸ್ಟಿನ ತಟ್ಟೆ ನೋಡಿ ಬಾಯಿ ಬಿಗಿದುಕೊಂಡ. "ಒಂಚೂರು ಸಾರು ಬುಡು." ತೆಳ್ಳನೆಯದು ಕೊಡಬಾರದು, ಅದು ನನಗೆ ಗೊತ್ತಿತ್ತು. ತಳದ ಬೇಳೆ ಸೊಪ್ಪು ತೆಗೆದು, ಮಿಕ್ಸಿಗೆ ಹಾಕಿ, ಗಟ್ಟಿ ಮಾಡಿ ಕೊಟ್ಟೆ. ಮತ್ತೆ ಒಲೆ ಕಡೆ ತಿರುಗಿ ಇನ್ನೊಂದು ಬ್ರೆಡ್ಡು ಹಾಕುತ್ತಿದ್ದೆ.

ಅವ್ವ ಚಮಚ ಬಿಟ್ಟು ಕೈ ಹಾಕಿದ್ದಳು. ಟೋಸ್ಟನ್ನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿಗೆ ಅದ್ದಿ ಬಾಯಿಗಿಟ್ಟಳು. ಎಷ್ಟೋ ತಿಂಗಳ ಮೇಲೆ ಅಪ್ಪ ತಾನಾಗಿ ಬಾಯಿ ತೆರೆದ. ನಾನು ತಿರುಗಿ ನೋಡುವಾಗ ನಗುತ್ತಿದ್ದ. ಮೊದಲನೆಯದು ಇಳಿದಿತ್ತು. "ಅಗಿಯಪ್ಪ" ಅಂದೆ. ಅಷ್ಟರಲ್ಲಿ ಎರಡನೆಯದೂ ಹೋಗಿತ್ತು. ಅವನ ದವಡೆ ಅಲ್ಲಾಡಲೇ ಇಲ್ಲ.

ಕೆಮ್ಮು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಬಾಯಿ ತೆರೆದೇ ಇತ್ತು, ಸದ್ದಿಲ್ಲ, ಮುಖ ಕಪ್ಪಿಟ್ಟಿತು. ಬೆನ್ನಿಗೆ ಗುದ್ದಿದೆ, ಬಾಯಿಗೆ ಬೆರಳು ಹಾಕಿದೆ, ಏನೋ ಸ್ವಲ್ಪ ಈಚೆ ಬಂತು. ಓನರಮ್ಮ ಓಡಿಬಂದು ಆಟೋ ನಿಲ್ಲಿಸಿದರು. ಮೊದಲು ನಂಜನಗೂಡಿನ ಆಸ್ಪತ್ರೆ, ಅಲ್ಲಿಂದ ಮೈಸೂರಿಗೆ ಆಂಬುಲೆನ್ಸು. ಉಸಿರು ಉಳಿಯಿತು, ಆದರೆ ಊಟ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಜ್ವರ ಇಳಿಯುವ ಹೊತ್ತಿಗೆ ಗಂಟಲಲ್ಲಿದ್ದ ಅಷ್ಟಿಷ್ಟು ಶಕ್ತಿಯೂ ಹೋಗಿತ್ತು.

"ಮುದ್ದೆ ಕೊಡಬೇಡಿ ಅಂದಿದ್ನಲ್ಲ," ಅಂದಳು ಆ ಹುಡುಗಿ.

"ಮುದ್ದೆ ಅಲ್ಲ. ಬ್ರೆಡ್ಡು."

"ಬ್ರೆಡ್ಡನ್ನೂ ಹಾಗೇ ನುಂಗ್ತಾರಾ?"

ಉಂಡೆ ಮಾಡಿ ಸಾರಿಗೆ ಅದ್ದಿದರೆ ನಾವು ಯಾವುದನ್ನೂ ಅಗಿಯುವುದಿಲ್ಲ. ಇದು ಅವಳಿಗೆ ಗೊತ್ತಿರಬೇಕಾದ್ದಲ್ಲ, ನನಗೆ ಗೊತ್ತಿರಬೇಕಾದ್ದು. ಗಂಟಲಿನ ಚಿತ್ರ ಬಿಡಿಸಿ ಭಾಗ ಗುರುತಿಸಿ ಎಂದರೆ ಈಗಲೂ ಗುರುತಿಸುತ್ತೇನೆ. ಮುದ್ದೆ ಹೇಗೆ ಇಳಿಯುತ್ತದೆ ಅನ್ನುವುದೂ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಯಾವ ಕ್ಲಾಸಿನಲ್ಲೂ ಬರಲಿಲ್ಲ, ಮನೆಯಲ್ಲೂ ಬರಲಿಲ್ಲ. ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದಳು. "ನಿನ್ ತಪ್ಪಲ್ಲ ಕಣವ್ವ" ಅಂದೆ.

ಈಗ ಹೊಟ್ಟೆಗೆ ಪೈಪಿದೆ. ರಾಗಿ ಗಂಜಿಯನ್ನು ಸೋಸಿ, ಆರಿಸಿ, ಸಿರಿಂಜಿನಲ್ಲಿ ನಿಧಾನವಾಗಿ ಬಿಡುತ್ತೇನೆ. ಮೊದಮೊದಲು ಅಪ್ಪ ಕೇಳುತ್ತಿದ್ದ: "ಏನವ್ವ ಇವತ್ತು? ಉಪ್ಪು ಸರ್ಯಾಗದಾ?" ಬಾಯಿಗಿಟ್ಟು ನೋಡಿ ಹೇಳುತ್ತಿದ್ದೆ. ಈಗ ಕೇಳುವುದನ್ನೂ ಬಿಟ್ಟಿದ್ದಾನೆ. ಅವ್ವ ಈಗ ಕೋಲು ಹಾಕಿ ಮುದ್ದೆ ತೊಳಸುವುದಿಲ್ಲ. ನಾವಿಬ್ಬರೂ ಹಿತ್ತಿಲ ಬಾಗಿಲು ಎಳೆದುಕೊಂಡು, ಸದ್ದಾಗದಂತೆ, ಕಳ್ಳರ ಹಾಗೆ ಅನ್ನ ಉಣ್ಣುತ್ತೇವೆ.

ಮೊನ್ನೆ ಗಂಜಿ ಬಿಡುವಾಗ ಅಪ್ಪ ಪೈಪು ಮುಟ್ಟಿ ಕೇಳಿದ: "ಇನ್ನೆಷ್ಟ್ ದಿನ ಇದು?"

"ನೋಡನ ಅಂದವ್ರೆ ಡಾಕ್ಟ್ರು."

"ಡಾಕ್ಟ್ರು ಮಾತು ಬುಡು. ನೀನು ಓದ್ದೋಳಲ್ವಾ. ನೀನೇ ಯೋಳವ್ವ."

ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಪರ್ಮನೆಂಟ್ ಅಂತ ಬರೆದದ್ದನ್ನು ನಾನು ಓದಿದ್ದೆ. ಈ ಮನೆಯಲ್ಲಿ ಅದನ್ನು ಓದಲು ಬರುವವಳು ನಾನೊಬ್ಬಳೇ. ಸಿರಿಂಜು ಖಾಲಿಯಾಗಿತ್ತು. ತೊಳೆಯಬೇಕು ಅಂತ ಎದ್ದುಹೋದೆ.