ರೀಲು ಬದಲಿಸುವ ಹೊತ್ತು

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಅಲ್ಲಿನ ಚರಿತ್ರೆಯ ಮೇಷ್ಟ್ರಿಗೆ ಸಿನಿಮಾ ಹುಚ್ಚು. ಅಂದರೆ ಥಿಯೇಟರಿಗೆ ಬರುವ ಸಿನಿಮಾ ಅಲ್ಲ. ಯಾವ ಯಾವುದೋ ದೇಶದ, ನಾವು ಹೆಸರೂ ಕೇಳದ ಚಿತ್ರಗಳನ್ನು ಡಬ್ಬಗಳಲ್ಲಿ ತರಿಸಿ, ಭಾನುವಾರ ಸಂಜೆ ಸ್ಕೂಲಿನ ಹಾಲ್‌ನಲ್ಲಿ ತೋರಿಸುತ್ತಿದ್ದರು. ಕಿಟಕಿಗಳಿಗೆ ಕಪ್ಪು ಬಟ್ಟೆ, ಗೋಡೆಗೆ ಬಿಳಿ ಪರದೆ, ಮಕ್ಕಳು ಕೂರುವ ಬೆಂಚುಗಳೇ ನಮಗೂ.

"ಒಂದ್ಸಲ ಬನ್ನಿ ಮೇಡಂ, ಇಷ್ಟ ಆಗದಿದ್ರೆ ಮತ್ತೆ ಕರೆಯಲ್ಲ," ಎಂದರು.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನವರಿಗೆ ಕಾರ್ಖಾನೆಯಲ್ಲಿ ಶಿಫ್ಟು, ಭಾನುವಾರವೂ ಸಿಗುತ್ತಿರಲಿಲ್ಲ. ಮಾವನವರ ಬಳಿ ಕೇಳಿದೆ. ಕಂದಾಯ ಇಲಾಖೆಯಿಂದ ನಿವೃತ್ತರಾದ ಅವರು ಪೇಪರಿನಿಂದ ತಲೆ ಎತ್ತಿ "ಒಬ್ಬಳೇನಾ?" ಎಂದರು, ಮತ್ತೆ ಓದತೊಡಗಿದರು. ಆಗುವುದಿಲ್ಲ ಎಂದು ಅರ್ಥ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು, "ಒಬ್ಬಳೇ ಯಾಕ ಹೋಗ್ತಾಳ? ನಾನೂ ಹೋಗ್ತೀನಿ."

ಅತ್ತೆ ದಾವಣಗೆರೆ ಕಡೆಯವರು. ಕನ್ನಡ ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ನೋಡಿದ್ದು ನಾಲ್ಕಾರು ಪೌರಾಣಿಕ ಚಿತ್ರ. ನನ್ನ ಮೇಲೆ ಒಂದು ಕಣ್ಣಿಡಲು ಬರುತ್ತಿದ್ದಾರೆ ಎಂದುಕೊಂಡೇ ನಾನು ಹೊರಟೆ.

ಆ ದಿನದ ಚಿತ್ರ ಹಿಮ ಬೀಳುವ ಯಾವುದೋ ದೇಶದ್ದು. ಇಬ್ಬರು ಮುದಿ ಅಕ್ಕತಂಗಿಯರು ಒಂದೇ ಮನೆಯಲ್ಲಿ, ನಡುವೆ ಬಟ್ಟೆ ಅಡ್ಡ ಕಟ್ಟಿಕೊಂಡು, ಒಂದೇ ಒಲೆಯಲ್ಲಿ ಸರದಿಯಂತೆ ಅಡುಗೆ ಮಾಡುತ್ತ ಬದುಕುತ್ತಾರೆ. ಒಬ್ಬರಿಗೊಬ್ಬರು ಮಾತಿಲ್ಲ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಸಾಲುಗಳನ್ನು ನಾನು ಅತ್ತೆಯ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಹಿಂದಿನಿಂದ ಯಾರೋ "ಸ್ವಲ್ಪ ಸುಮ್ನಿರ್ತೀರಾ ಮೇಡಂ" ಎಂದರು. ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ.

ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕಿತ್ತು. ದೀಪ ಹತ್ತಿದ್ದೇ ಅತ್ತೆ ಕೇಳಿದರು, "ಯಾತಕ್ಕ ಮಾತು ಬಿಟ್ಟಾರಂತೆ?"

"ಅದನ್ನ ಹೇಳೇ ಇಲ್ಲ ಅತ್ತೆ."

"ಹೇಳೋದು ಬ್ಯಾಡ ಬಿಡು. ಅವರಿಗೂ ನೆನಪಿರಂಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಇದನ್ನು ಕೇಳಿಸಿಕೊಂಡರು. ಮನೆಗೆ ಹೊರಟಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಮುಂದಿನ ವಾರದಿಂದ ರೀಲು ಬದಲಿಸೋವಾಗ ನೀವು ಎದ್ದು ನಿಂತು ಅಲ್ಲೀವರೆಗಿನ ಕಥೆ ಕನ್ನಡದಲ್ಲಿ ಹೇಳಿಬಿಡಿ. ಯಾರಿಗೂ ತೊಂದರೆ ಇರಲ್ಲ," ಎಂದರು.

ಹಾಗೆ ಅದು ನನ್ನ ಕೆಲಸವಾಯಿತು. ಹೇಳುತ್ತ ಹೇಳುತ್ತ, ಕಣ್ಣೆದುರಿನ ಚಿತ್ರವನ್ನು ನಾನೂ ಗಮನವಿಟ್ಟು ನೋಡಲು ಕಲಿತೆ. ಅತ್ತೆಯಿಂದ ಕೇಳಿ ನಮ್ಮ ಬೀದಿಯ ಹೆಂಗಸರೂ ಬರತೊಡಗಿದರು, ಕೆಲವರು ಬಸವೇಶ್ವರನಗರದಿಂದ ನಡೆದುಕೊಂಡೇ. ಆಫ್ರಿಕಾದ ಒಂದು ಚಿತ್ರದಲ್ಲಿ ಹೆಂಗಸರು ಒನಕೆ ಹಿಡಿದು ಧಾನ್ಯ ಕುಟ್ಟುತ್ತ ಹಾಡಿದಾಗ ಇಡೀ ಬೆಂಚು ಮುಂದಕ್ಕೆ ಬಾಗಿತು. "ನಮ್ಮಂಗೇ ಒಬ್ಬರಾದ ಮೇಲೆ ಒಬ್ಬರು ಕುಟ್ತಾರ ನೋಡು," ಎಂದರು ಅತ್ತೆ. ರೇಡಿಯೋ ಸುದ್ದಿಯಲ್ಲಿ ದೇಶವೊಂದರ ಹೆಸರು ಬಂದರೆ ಈಗ ಅವರು ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದರು.

ಒಂದು ಭಾನುವಾರ ಪರದೆಯ ಮೇಲೆ ಗಂಡುಹೆಣ್ಣು ಹೊಳೆಯಲ್ಲಿ ಬಟ್ಟೆಯಿಲ್ಲದೆ ಈಜಿದರು. ಅತ್ತೆ ಸೆರಗನ್ನು ಮುಖಕ್ಕೆ ತಂದುಕೊಂಡರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮನೆಯ ಗೇಟು ತೆಗೆಯುವಾಗ ಅವರೇ ಕೇಳಿದರು, "ಮುಂದಿನ ವಾರ ಯಾವ ದೇಶದ್ದು?"

ಆದರೆ ಸುದ್ದಿ ಮಾವನವರಿಗೆ ಮುಟ್ಟಿತು. ಮಾರನೆಯ ಸಂಜೆ ಇಬ್ಬರನ್ನೂ ಕೂರಿಸಿಕೊಂಡು, "ಎಂಥ ಸಿನಿಮಾ ಅದು? ಮನೆಯವರು ನೋಡೋ ಅಂಥದ್ದಾ?" ಎಂದರು.

ಅತ್ತೆ ಹೇಳಿದರು, "ನೀವೂ ಒಂದು ಸಲ ಬಂದು ನೋಡ್ರಿ. ನೋಡಿ ಆಮೇಲೆ ಬೈರಿ."

ಮಾವನವರು ನಿಜಕ್ಕೂ ಬಂದರು. ಇಸ್ತ್ರಿ ಮಾಡಿದ ಕೋಟು ತೊಟ್ಟು ಮೊದಲ ಸಾಲಿನಲ್ಲಿ ಕೂತರು. ಅಂದಿನ ಚಿತ್ರದಲ್ಲಿ ಒಬ್ಬ ರೈತ ಕುರುಡಾಗುತ್ತಿರುವ ತನ್ನ ಕುದುರೆಯನ್ನು ಮಾರಲು ಪರ್ವತ ದಾಟುತ್ತಾನೆ, ಅಷ್ಟೇ. ದೀಪ ಹತ್ತಿದಾಗ ನಾನು ಎದ್ದು ಕಥೆ ಹೇಳಿದೆ. ಮುಗಿಸಿ ಕೂರುವಷ್ಟರಲ್ಲಿ ಮಾವನವರು ತಿರುಗಿ, "ಅವನು ಅದನ್ನ ಮಾರಲ್ಲ ಅಲ್ವೇನಮ್ಮ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. "ನೋಡೋಣ ಮಾವ," ಎಂದೆ.

ಅವರು ಮತ್ತೆ ಬರಲಿಲ್ಲ, ಬೈಯಲೂ ಇಲ್ಲ. ಆದರೆ ಭಾನುವಾರ ಐದು ಗಂಟೆಯಾದರೆ ಪೇಪರಿನ ಹಿಂದಿನಿಂದ "ಹೊತ್ತಾಯ್ತು, ಹೊರಡಿ" ಎನ್ನುತ್ತಿದ್ದರು. ನಾವು ವಾಪಸಾಗುವಷ್ಟರಲ್ಲಿ ಅನ್ನಕ್ಕೆ ಇಟ್ಟಿರುತ್ತಿದ್ದರು. ಅದುವರೆಗೆ ಅವರು ಒಲೆ ಹಚ್ಚಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಮರೆಯಲಾಗದ್ದು ಇನ್ನೊಂದು ಸಂಜೆ. ಗಂಡನನ್ನು ಬಿಟ್ಟು ಬಂದರಿನ ಊರಿಗೆ ಹೋದ ಹೆಂಗಸಿನ ಕಥೆ. ಕೊನೆಯ ರೀಲಿಗೆ ಮೊದಲು ಪ್ರೊಜೆಕ್ಟರಿನ ಬಲ್ಬು ಹೋಯಿತು. ಮೇಷ್ಟ್ರ ಹತ್ತಿರ ಇನ್ನೊಂದು ಇರಲಿಲ್ಲ. ಡಬ್ಬಗಳನ್ನು ಬೆಳಿಗ್ಗೆಯೇ ವಾಪಸು ಕಳಿಸಬೇಕಿತ್ತು. ಅವರು ಕ್ಷಮೆ ಕೇಳಿದರು. ಯಾರೂ ಏಳಲಿಲ್ಲ. ಎಂದೂ ನಾಲ್ಕು ಜನರೆದುರು ಬಾಯಿ ಬಿಡದ ಅತ್ತೆ, "ಅವಳು ವಾಪಸ್ ಹೋಗಂಗಿಲ್ಲ ಬಿಡ್ರಿ," ಎಂದರು. "ಹೋಗ್ತಾಳೆ, ಮಗು ಇದೆಯಲ್ಲ," ಎಂದಳು ಎದುರು ಮನೆಯಾಕೆ. ಹಿಂದಿನ ಬೆಂಚಿನಲ್ಲಿದ್ದ ಕಾಲೇಜು ಹುಡುಗರೂ ಸೇರಿಕೊಂಡರು. ವಾಚ್‌ಮನ್ ಬಂದು ಬೀಗದ ಕೈ ಅಲ್ಲಾಡಿಸುವವರೆಗೂ ವಾದ ನಡೆಯಿತು. ಮನೆಯ ದಾರಿಯಲ್ಲಿ ನಾನು ಮತ್ತು ಅತ್ತೆ ಗೆಳತಿಯರಂತೆ ಜಗಳವಾಡುತ್ತ ನಡೆದೆವು. ಚಿತ್ರದ ಆ ಹೆಂಗಸು ಕೊನೆಗೆ ಏನು ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಯನ್ನು ಮಾತ್ರ ಅಂದು ಚೆನ್ನಾಗಿ ತಿಳಿದುಕೊಂಡೆ.

ಕೆಲವು ವರ್ಷಗಳ ನಂತರ ಮೇಷ್ಟ್ರಿಗೆ ಬೇರೆ ಊರಿನಲ್ಲಿ ಕೆಲಸವಾಯಿತು, ಪ್ರದರ್ಶನಗಳು ನಿಂತವು. ಅವರು ಹೊರಡುವ ಮುನ್ನ ಅತ್ತೆ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದರು. ಇಬ್ಬರೂ ಅವರ ಮನೆಗೆ ಹೋದೆವು. ಸಾಮಾನು ಕಟ್ಟಿದ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಕೂರಿಸಿದರು. ಏನು ಹೇಳಬೇಕೆಂದು ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ.

ಅತ್ತೆಯೇ ಶುರುಮಾಡಿದರು. "ಸಾರ್, ನಾನು ದಾವಣಗೆರೆ ಬಿಟ್ರೆ ಬೆಂಗಳೂರು, ಅಷ್ಟೇ ನೋಡಿದಾಕಿ. ನೀವು ಭಾಳ ಮಂದಿ ಮನಿಯೊಳಗ ಕರ್ಕೊಂಡು ಹೋದ್ರಿ. ನಿಮಗೆ ಒಳ್ಳೇದಾಗಲಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಕಾಫಿ ಆಯಿತೇ ಎಂದು ಒಳಗೆ ಕೂಗಿ ಕೇಳಿದರು. ನಾನು ಹೇಳಬೇಕೆಂದಿದ್ದನ್ನು ಅತ್ತೆ ನನಗಿಂತ ಚೆನ್ನಾಗಿ ಹೇಳಿಯಾಗಿತ್ತು. ಕೈಮುಗಿದೆ.